ಅಪ್‌ಡೇಟ್: ಮಾಸ್ ಸರಿ ಇತ್ತು, ಬಾಟಲಿಯಲ್ಲಿದ್ದದ್ದು ಮಾತ್ರ ಬೇರೆ

ಅಶ್ವಗಂಧ ಪರೀಕ್ಷೆಗೆ ತರಿಸಿದ ವಿಥಾಫೆರಿನ್ ಎ (ಅಶ್ವಗಂಧದ ಒಂದು ಸಂಯುಕ್ತ) ಸ್ಟ್ಯಾಂಡರ್ಡ್‌ನ, ಅಂದರೆ ಹೋಲಿಕೆಗೆ ಬಳಸುವ ಶುದ್ಧ ಮಾದರಿಯ, ಹೊಸ ಲಾಟ್‌ನಲ್ಲಿ ಮಾಸ್ (ಅಣುವಿನ ತೂಕದ ಅಳತೆ) ಹೊಂದುತ್ತದೆ, ಆದರೆ ಎಚ್‌ಪಿಎಲ್‌ಸಿ (ಮಿಶ್ರಣವನ್ನು ಕಾಲಮ್ ಎಂಬ ಕೊಳವೆಯಲ್ಲಿ ಹಾಯಿಸಿ ಬೇರ್ಪಡಿಸುವ ವಿಧಾನ) ಪೀಕ್ ಹಳೆಯ ಜಾಗದಲ್ಲಿ ಬರುತ್ತಿಲ್ಲ, ಕಾಲಮ್ ಕೆಟ್ಟಿದೆಯೇ ಎಂದು ಕೇಳಿದ್ದೆ. ಕಾಲಮ್‌ಗೆ ಏನೂ ಆಗಿಲ್ಲ. ಬಂದಿರುವುದೇ ವಿಥಾನೋನ್, ಅಶ್ವಗಂಧದ್ದೇ ಇನ್ನೊಂದು ಸಂಯುಕ್ತ.

ಎರಡರ ಅಣುಸೂತ್ರವೂ ಒಂದೇ, ಅಣುತೂಕ 470.6. ಅಶ್ವಗಂಧದ ಮತ್ತೊಂದು ಸಂಯುಕ್ತ ವಿಥಾನೋಲೈಡ್ ಎ ಕೂಡ ಹಾಗೆಯೇ. ಹಾಗಾಗಿ ಮಾಸ್ ಅಳತೆಯಲ್ಲಿ ಒಂದು ಪ್ರೋಟಾನ್ ಸೇರಿದ 471.27ರ ಅಯಾನು ಕಂಡಿತೆಂದು ಗುರುತು ಸಿಕ್ಕಂತಲ್ಲ.

ಮೊದಲು ಎರಡೂ ಲಾಟ್‌ಗಳನ್ನು ಒಂದೇ ವಯಲ್‌ನಲ್ಲಿ ಬೆರೆಸಿ ಇಂಜೆಕ್ಟ್ ಮಾಡಿದೆ: ಎರಡು ಪೀಕ್. ಅಲ್ಲಿಗೆ ಕಾಲಮ್ ಮೇಲಿನ ಅನುಮಾನ ಮುಗಿಯಿತು. ಆಮೇಲೆ 5 ಮಿ.ಗ್ರಾಂ ಪುಡಿಯನ್ನು 0.6 ಮಿ.ಲೀ. ಡ್ಯುಟೇರಿಯಂ ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ ಪ್ರೋಟಾನ್ ಎನ್‌ಎಂಆರ್ (ಅಣುವಿನಲ್ಲಿ ಹೈಡ್ರೋಜನ್‌ಗಳು ಎಲ್ಲೆಲ್ಲಿವೆ ಎಂದು ತೋರಿಸುವ ಪರೀಕ್ಷೆ) ಮಾಡಿದೆ. ವಿಥಾಫೆರಿನ್ ಎ ಆಗಿದ್ದರೆ 27ನೇ ಕಾರ್ಬನ್ನಿನ ಎರಡು ಪ್ರೋಟಾನ್‌ಗಳು 4.3–4.4 ಪಿಪಿಎಂನಲ್ಲಿ (ಎನ್‌ಎಂಆರ್‌ನಲ್ಲಿ ಸಿಗ್ನಲ್‌ನ ಜಾಗ ಹೇಳುವ ಅಳತೆ) ಕಾಣಬೇಕು, ಲ್ಯಾಕ್ಟೋನ್ ಉಂಗುರದ ಮೇಲೆ ಒಂದೇ ಮೀಥೈಲ್ ಇರಬೇಕು. ಇಲ್ಲಿ 4.3 ಖಾಲಿ, 1.9ರ ಆಸುಪಾಸು ಎರಡು ಮೀಥೈಲ್, 6.9ರ ಆಲ್ಕೀನ್ (ಕಾರ್ಬನ್ ಜೋಡಿಬಂಧದ) ಸಿಗ್ನಲ್ ಕೂಡ 6.6ಕ್ಕೆ ಸರಿದಿದೆ. 21ನೇ ಕಾರ್ಬನ್ನಿನ ಮೀಥೈಲ್ ಸಿಗ್ನಲ್ ಡಬ್ಲೆಟ್ (ಎರಡು ಗೆರೆ) ಆಗಿ ಒಡೆದಿರುವುದರಿಂದ ವಿಥಾನೋಲೈಡ್ ಎ ಅಲ್ಲ. ಅದರಲ್ಲಿ ಇದು ಸಿಂಗ್ಲೆಟ್ (ಒಂದೇ ಗೆರೆ).

ಸರ್ಟಿಫಿಕೇಟ್‌ನಲ್ಲಿದ್ದ 98% ಸುಳ್ಳೇನಲ್ಲ ಅನ್ನಿ. ಅದು ಪೀಕ್ ಏರಿಯಾದ ಲೆಕ್ಕ, ಅಂದರೆ ಒಟ್ಟು ಪೀಕ್‌ಗಳಲ್ಲಿ ಮುಖ್ಯ ಪೀಕ್‌ನ ಪಾಲು; ತಪ್ಪು ವಸ್ತುವೂ ಶುದ್ಧವಾಗಿರಬಹುದು. ಅದರಲ್ಲಿ ನೀರು, ಉಳಿಕೆ ದ್ರಾವಕವೂ ಲೆಕ್ಕಕ್ಕೆ ಬರುವುದಿಲ್ಲ. ಈ ಲಾಟ್‌ನಿಂದ ಮಾಡಿದ ಕ್ಯಾಲಿಬ್ರೇಷನ್‌ಗಳನ್ನೆಲ್ಲ ರದ್ದು ಮಾಡಿದ್ದೇನೆ.