ಅಪ್‌ಡೇಟ್: ಅಪ್ಪಯ್ಯನ ಫೋನಿಗೆ ಪಾಸ್‌ಕೀ ಹಾಕಾಯ್ತು

ಹೋದ ಸಲ ಕೇಳಿದ್ನಲ್ಲ, ತೀರ್ಥಹಳ್ಳಿ ಹತ್ರ ನಮ್ಮನೇಲಿ ವೈಫೈ ಇದೆ ಆದ್ರೆ ಟವರ್ ಸಿಗಲ್ಲ, ಗೂಗಲ್ ಅಕೌಂಟಿಗೆ ಲಾಗಿನ್ ಆಗೋಕೆ ಓಟಿಪಿಗೋಸ್ಕರ ಅಪ್ಪಯ್ಯ ಗುಡ್ಡ ಹತ್ತಬೇಕು, ಪಾಸ್‌ಕೀ (ಪಾಸ್‌ವರ್ಡ್, ಓಟಿಪಿ ಬದ್ಲು ಫೋನಿನ ಲಾಕ್ ತೆಗೆದೇ ಲಾಗಿನ್ ಆಗೋದು) ಹಾಕಿದ್ರೆ ಇದು ತಪ್ಪುತ್ತಾ ಅಂತ. ತಪ್ತು ಮಾರಾಯ್ರೆ.

ಗೂಗಲ್ ಅಕೌಂಟಿನ ಸೆಕ್ಯುರಿಟಿ ಒಳಗೆ ಪಾಸ್‌ಕೀ ಅಂತಿದೆ, ಅಲ್ಲೇ ಮಾಡಿದ್ದು, ಆಂಡ್ರಾಯ್ಡ್ 9 ಅಥವಾ ಆಮೇಲಿಂದು ಇರ್ಬೇಕು, ಸ್ಕ್ರೀನ್ ಲಾಕ್ ಬೇಕೇ ಬೇಕು. ತಕರಾರು ಮಾಡಿದ್ದು ಬೆರಳು. ಅಡಿಕೆ ಸುಲಿದು ಸುಲಿದು ಅಪ್ಪಯ್ಯನ ಹೆಬ್ಬೆಟ್ಟು ಸವೆದಿದೆ, ಮೇಲಿಂದ ಚೊಗರು ಬೇರೆ, ಸೆನ್ಸರ್ ಒಪ್ಪೋದೇ ಇಲ್ಲ. ಬೆರಳೇ ಆಗ್ಬೇಕು ಅಂತೇನಿಲ್ಲ, ಫೋನಿನ ಪಿನ್ ಹೊಡೆದ್ರೂ ನಡಿಯುತ್ತೆ, ಅದು ಫೋನಲ್ಲೇ ಚೆಕ್ ಆಗೋದು, ಗೂಗಲ್ಲಿಗೆ ಹೋಗಲ್ಲ.

ನನ್ನ ಲ್ಯಾಪ್‌ಟಾಪಲ್ಲಿ ಅವರ ಅಕೌಂಟ್ ತೆಗೆಯೋಕೆ ಕ್ಯೂಆರ್ ಬಂತು, ಅವರ ಫೋನಲ್ಲಿ ಸ್ಕ್ಯಾನ್ ಮಾಡಿದ್ವಿ, ಎರಡರಲ್ಲೂ ಬ್ಲೂಟೂತ್ ಆನ್ ಇರ್ಬೇಕು, ಫೋನ್ ಪಕ್ಕದಲ್ಲೇ ಇದೆ ಅಂತ ಗೊತ್ತಾಗೋದೇ ಅದ್ರಿಂದ, ಹಂಗಾಗಿ ಎಲ್ಲೋ ಕೂತ ಕಳ್ಳ ವಾಟ್ಸಾಪಲ್ಲಿ ಕ್ಯೂಆರ್ ಕಳಿಸಿ ಸ್ಕ್ಯಾನ್ ಮಾಡಿ ಅಂದ್ರೆ ಆಗಲ್ಲ. ನಂಗೆ ಇಷ್ಟ ಆಗಿದ್ದೇ ಇದು.

ಫೋನ್ ತೋಟದ ಕಾದಿಗೆಗೆ ಬಿದ್ರೆ ಏನ್ ಗತಿ ಅಂತ ಒಬ್ರು ಕೇಳಿದ್ರಿ. ಪಾಸ್‌ವರ್ಡ್ ಹಂಗೇ ಇದೆ, ತೆಗೆದಿಲ್ಲ, ಟೂ ಸ್ಟೆಪ್ಪಿನ (ಪಾಸ್‌ವರ್ಡ್ ಆದ್ಮೇಲೆ ಇನ್ನೊಂದು ಸಲ ಚೆಕ್ ಮಾಡೋದು) 10 ಬ್ಯಾಕಪ್ ಕೋಡ್ ಪ್ರಿಂಟ್ ಹಾಕಿ ಜಮೀನು ಕಾಗದದ ಜೊತೆ ಟ್ರಂಕಲ್ಲಿಟ್ಟಿದೀನಿ, ಅದಕ್ಕೆ ಟವರ್ ಬೇಡ. ಕಳೆದ ಫೋನಿನ ಪಾಸ್‌ಕೀನ ಅದೇ ಸೆಕ್ಯುರಿಟಿ ಪುಟದಲ್ಲಿ ಡಿಲೀಟ್ ಮಾಡ್ಬಹುದು.

ಬ್ಯಾಂಕಿಂದಕ್ಕೆ ಮಾತ್ರ ಈಗ್ಲೂ ಎಸ್ಸೆಮ್ಮೆಸ್ಸೇ, ಅದಕ್ಕೆ ಗುಡ್ಡ ತಪ್ಪಿಲ್ಲ.