ಹೋಗಾರ್ತ್‌ನ ವ್ಯಂಗ್ಯಚಿತ್ರ ನೋಡಿ ನಗುವೇ ಬರಲಿಲ್ಲ, ನೋಡೋ ಕ್ರಮ ತಪ್ಪಾ?

ಹೊಸನೋಡುಗ:

ಎಲ್ಲರಿಗೂ ನಮಸ್ಕಾರ. ವ್ಯಂಗ್ಯಚಿತ್ರಗಳ ಇತಿಹಾಸ ಓದ್ತಾ ಹೋದಾಗ ಎಲ್ಲಾ ಕಡೆ ಒಂದೇ ಹೆಸರು ಎದುರಾಯಿತು, ವಿಲಿಯಂ ಹೋಗಾರ್ತ್. 1697ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವನು, ಇಂಗ್ಲೆಂಡಿನ ವ್ಯಂಗ್ಯಚಿತ್ರ ಶುರುವಾಗುವುದೇ ಇವನಿಂದ ಅನ್ನುವ ಹಾಗೆ ಬರೆದಿದ್ದರು. ಸರಿ, ನಗಿಸುವ ಚಿತ್ರಗಳಿರಬೇಕು ಅಂದುಕೊಂಡು, ದುಡ್ಡಿಗೂ ಮನೆತನಕ್ಕೂ ಕುದುರಿಸಿದ ಒಂದು ಮದುವೆಯ ಕಥೆ ಹೇಳುವ 'ಮ್ಯಾರೇಜ್ ಆ-ಲಾ-ಮೋಡ್' ಸರಣಿಯ ಆರೂ ಚಿತ್ರಗಳನ್ನು ಒಂದೇ ಸಲ ಕೂತು ನೋಡಿದೆ.

ನಗು ಬರಲಿಲ್ಲ. ಕೊನೆಯ ಚಿತ್ರದಲ್ಲಿ ಆ ಹೆಂಡತಿ ವಿಷ ಕುಡಿದು ಸಾಯ್ತಿದ್ದಾಳೆ, ಕಾಲಿಗೆ ಕಬ್ಬಿಣದ ಪಟ್ಟಿ ಕಟ್ಟಿಕೊಂಡ ಪುಟ್ಟ ಮಗುವನ್ನು ದಾದಿ ಎತ್ತಿ ಅಮ್ಮನ ಮುಖಕ್ಕೆ ಹಿಡಿದಿದ್ದಾಳೆ. ಅದನ್ನು ನೋಡಿದ ಮೇಲೆ ಬಹಳ ಹೊತ್ತು ಬೇರೆ ಕೆಲಸಕ್ಕೆ ಮನಸ್ಸೇ ಹೋಗಲಿಲ್ಲ. ಇದನ್ನು ವ್ಯಂಗ್ಯ ಅಂತ ಯಾಕೆ ಕರೀತಾರೆ? ನಾನು ನೋಡೋ ಕ್ರಮದಲ್ಲೇ ಏನೋ ತಪ್ಪಿದೆಯಾ?

ಇನ್ನೊಂದು ಗೊಂದಲ. ಇದೇ ಸರಣಿಯ ಬಣ್ಣದ ಚಿತ್ರಗಳೂ ಸಿಕ್ಕವು, ಕಪ್ಪು ಬಿಳುಪಿನ ಅಚ್ಚುಗಳೂ ಸಿಕ್ಕವು. ಎರಡರಲ್ಲಿ ಎಡ ಬಲ ಅದಲು ಬದಲಾಗಿದೆ. ಯಾರೋ ಹಾಕುವಾಗ ತಿರುಗಿಸಿಬಿಟ್ಟಿದ್ದಾರೆ ಅಂದುಕೊಂಡೆ, ಆದರೆ ನಾಲ್ಕು ಕಡೆ ಹುಡುಕಿದರೂ ಹಾಗೇ ಇದೆ. ಯಾವುದು ಸರಿ?

ತಾಮ್ರದತಗಡು:

ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ, ಅದು ನನ್ನ ಕೈಕೆಲಸಕ್ಕೆ ಹತ್ತಿರದ ವಿಷಯ. ಎರಡೂ ಸರಿ.

ಅಚ್ಚಿನ ಚಿತ್ರ ಮಾಡುವಾಗ ನುಣ್ಣಗೆ ಉಜ್ಜಿದ ತಾಮ್ರದ ತಗಡಿನ ಮೇಲೆ ಗೆರೆ ಕೆತ್ತುತ್ತಾರೆ. ಆಮೇಲೆ ಮಸಿ ಬಳಿದು ಮೇಲ್ಮೈಯನ್ನು ಒರೆಸಿಬಿಟ್ಟರೆ ಗೆರೆಗಳ ಒಳಗೆ ಮಾತ್ರ ಮಸಿ ಉಳಿಯುತ್ತೆ. ಒದ್ದೆ ಮಾಡಿದ ಕಾಗದವನ್ನು ಮೇಲಿಟ್ಟು ಎರಡು ಉರುಳೆಗಳ ನಡುವೆ ಜೋರಾಗಿ ಒತ್ತಿ ಎಳೆದಾಗ ಕಾಗದ ಆ ಗೆರೆಯೊಳಗಿಂದ ಮಸಿಯನ್ನು ಹೀರಿಕೊಂಡು ಬರುತ್ತೆ. ತಗಡಿನಲ್ಲಿ ಎಡಕ್ಕಿದ್ದದ್ದು ಕಾಗದದಲ್ಲಿ ಬಲಕ್ಕೆ. ನಾನು ಎಚ್ಚಿಂಗ್, ಅಂದರೆ ತಗಡಿನ ಮೇಲೆ ಆಮ್ಲದಿಂದ ಗೆರೆ ಮೂಡಿಸೋ ಕೆಲಸ ಕಲಿಯುವಾಗ ಮೊದಲ ತಗಡಿನಲ್ಲೇ ಅಕ್ಷರಗಳನ್ನು ತಿರುಗಿಸಿ ಬರೆಯೋದು ಮರೆತು ಎರಡು ವಾರದ ಕೆಲಸ ಹಾಳಾಯಿತು. ಅವತ್ತಿನಿಂದ ಹೋಗಾರ್ತ್‌ನ ಅಚ್ಚಿನಲ್ಲಿರುವ ಒಂದೊಂದು ಅಂಗಡಿ ಬೋರ್ಡು, ಕಾಗದದ ಚೂರಿನ ಮೇಲಿನ ಒಂದೊಂದು ಸಾಲು ನೋಡುವಾಗಲೂ ಆ ಕೈಗೆ ಮನಸ್ಸಿನಲ್ಲೇ ಕೈ ಮುಗೀತೀನಿ.

ಅವನು ಕಲಿತದ್ದು ಎಲ್ಲಿಸ್ ಗ್ಯಾಂಬಲ್ ಅನ್ನೋ ಬೆಳ್ಳಿ ಕೆತ್ತನೆಗಾರನ ಹತ್ತಿರ. ಶ್ರೀಮಂತರ ಬೆಳ್ಳಿ ತಟ್ಟೆ, ಲೋಟಗಳ ಮೇಲೆ ಅವರ ಮನೆತನದ ಲಾಂಛನ ಕೆತ್ತೋ ಕೆಲಸ. ಅದು ಹಿಡಿಸದೆ 1720ರ ಹೊತ್ತಿಗೆ ಸ್ವಂತ ಕೆತ್ತನೆ ಕೆಲಸ ಶುರು ಮಾಡಿದ. ಮುಂದೆ 'ಮ್ಯಾರೇಜ್' ಸರಣಿಗೆ ತಾನು ಬಣ್ಣದ ಚಿತ್ರ ಬರೆದು, ತಗಡು ಕೆತ್ತೋದಕ್ಕೆ ಮೂವರು ಫ್ರೆಂಚ್ ಕೆತ್ತನೆಗಾರರನ್ನು ಹಿಡಿದ. ಅಚ್ಚುಗಳು ಹೊರಬಂದದ್ದು 1745ರಲ್ಲಿ. ಬಣ್ಣದ ಆರೂ ಚಿತ್ರಗಳು ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿವೆ.

ಈಗ ಮೊದಲ ಚಿತ್ರದ ಅಚ್ಚನ್ನು ತೆಗೆದು ಎಡದಿಂದ ಬಲಕ್ಕೆ, ಪುಟ ಓದುವ ಹಾಗೆ ನೋಡಿ. ಎಡ ತುದಿಯಲ್ಲಿ ಗೌಟ್ ಅನ್ನೋ ಕೀಲುನೋವಿನ ಕಾಯಿಲೆ ಆಗಿ ಬಟ್ಟೆ ಸುತ್ತಿದ ಕಾಲನ್ನು ಚಾಚಿ ಕೂತ ಮುದಿ ಅರ್ಲ್, ಅಂದರೆ ದೊಡ್ಡ ಮನೆತನದ ಪ್ರಭು, ತನ್ನ ವಂಶವೃಕ್ಷ ತೋರಿಸ್ತಿದ್ದಾನೆ. ನಡುವೆ ದುಡ್ಡಿರುವ ವ್ಯಾಪಾರಿ ಮದುವೆಯ ಕರಾರುಪತ್ರವನ್ನು ಕಣ್ಣಿಗೆ ಹಿಡಿದು ಓದ್ತಿದ್ದಾನೆ. ಇವನಿಗೆ ಮನೆತನ ಬೇಕು, ಅವನಿಗೆ ದುಡ್ಡು ಬೇಕು. ಇದೆಲ್ಲ ದಾಟಿ ಬಲ ತುದಿಗೆ ಹೋದರೆ ಗಂಡು ಹೆಣ್ಣು ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದಾರೆ. ವ್ಯವಹಾರ ಮೊದಲು, ಮದುವೆ ಆಗೋ ಮಕ್ಕಳು ಕೊನೆಗೆ. ಜನ ಕೈಯಲ್ಲಿ ಹಿಡಿದು ನೋಡೋದು ಅಚ್ಚನ್ನೇ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಬಣ್ಣದ ಚಿತ್ರವನ್ನು ಮೊದಲೇ ತಿರುಗುಮುರುಗಾಗಿ ಬರೆದಿಟ್ಟ ಅನ್ನೋದು ನನ್ನ ಖಚಿತ ಅಭಿಪ್ರಾಯ.

ಸಣ್ಣಕ್ಷರ:

ನಗು ಬರಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ. ನೀವು ಸರಿಯಾಗೇ ನೋಡಿದ್ದೀರಿ. ತನ್ನನ್ನು ವ್ಯಂಗ್ಯಚಿತ್ರಕಾರ ಅಂತ ಕರೆದರೆ ಹೋಗಾರ್ತ್‌ಗೇ ಸಿಟ್ಟು ಬರ್ತಿತ್ತು. ಈ ಸರಣಿಗೆ ಮುಂಗಡ ಕೊಟ್ಟವರಿಗೆ ರಸೀದಿ ಅಂತ 1743ರಲ್ಲಿ ಒಂದು ಚಿತ್ರ ಮಾಡಿದ. ಅದರ ತುಂಬಾ ಮುಖಗಳೇ, ಒತ್ತೊತ್ತಾಗಿ. ಒಂದರ ಹಾಗೆ ಇನ್ನೊಂದಿಲ್ಲ, ಆದರೆ ಒಂದನ್ನೂ ಎಳೆದು ಉಬ್ಬಿಸಿ ವಿಕಾರ ಮಾಡಿಲ್ಲ. ಮೂಗನ್ನು ಮೊಳದುದ್ದ ಬರೆದು ನಗಿಸೋದು ಕ್ಯಾರಿಕೇಚರ್, ಮನುಷ್ಯನ ಸ್ವಭಾವ ಮುಖದಲ್ಲಿ ಕಾಣೋ ಹಾಗೆ ಬರೆಯೋದು ಬೇರೆ, ನಾನು ಮಾಡ್ತಿರೋದು ಎರಡನೇದು ಅಂತ ಹೇಳೋದಕ್ಕೇ ಆ ಚಿತ್ರ. ಮುಖ ಉಬ್ಬಿಸಿ ಬರೆದು ರಾಜಕಾರಣಿಗಳನ್ನು ಹಣ್ಣುಗಾಯಿ ಮಾಡಿದವರು ಆಮೇಲೆ ಬಂದ ಗಿಲ್ರೇ, ರೋಲಂಡ್‌ಸನ್ ಅಂಥವರು. ಹೋಗಾರ್ತ್ 1764ರಲ್ಲಿ ಸತ್ತಾಗ ಅವರಿಬ್ಬರೂ ಇನ್ನೂ ಚಿಕ್ಕ ಹುಡುಗರು.

ನನ್ನ ಒಂದು ಸಲಹೆ. ನಡುವಿನ ದೊಡ್ಡ ಮುಖಗಳನ್ನು ಸ್ವಲ್ಪ ಹೊತ್ತು ಬಿಟ್ಟು ಸಣ್ಣ ವಸ್ತುಗಳ ಹಿಂದೆ ಹೋಗಿ. ಮೊದಲ ಚಿತ್ರದಲ್ಲಿ ಮದುಮಗಳ ಕೈ ನೋಡಿ. ಉಂಗುರವನ್ನು ಬೆರಳಿಗೆ ಹಾಕಿಲ್ಲ, ಕರವಸ್ತ್ರದೊಳಗೆ ತೂರಿಸಿಕೊಂಡು ಸುಮ್ನೆ ಆಡಿಸ್ತಾ ಕೂತಿದ್ದಾಳೆ. ಪಕ್ಕದಲ್ಲೇ ವಕೀಲ ಲೇಖನಿ ಹೆರೆಯುತ್ತಾ ಅವಳ ಕಿವಿಯಲ್ಲಿ ಏನೋ ಹೇಳ್ತಿದ್ದಾನೆ. ಕೆಳಗೆ ಎರಡು ನಾಯಿಗಳನ್ನು ಒಂದೇ ಸರಪಳಿಯಲ್ಲಿ ಬಿಗಿದಿದ್ದಾರೆ. ಎರಡನೇ ಚಿತ್ರದಲ್ಲಿ ಗಡಿಯಾರ ಒಂದು ಗಂಟೆ ದಾಟಿದೆ. ಗಂಡ ರಾತ್ರಿಯೆಲ್ಲ ಎಲ್ಲೋ ಇದ್ದು ಬಂದು ಕುರ್ಚಿಯಲ್ಲಿ ಬಿದ್ದಿದ್ದಾನೆ, ಅವನ ಜೇಬಿನಿಂದ ಇಣುಕುವ ಹೆಂಗಸಿನ ಟೋಪಿಯನ್ನು ನಾಯಿ ಮೂಸ್ತಿದೆ. ಮನೆಯ ಲೆಕ್ಕ ನೋಡುವವನು ಒಂದು ಕಟ್ಟು ಬಿಲ್ಲು ಹಿಡಿದು ಕೈ ಮೇಲೆತ್ತಿ ಹೊರಗೆ ನಡೀತಿದ್ದಾನೆ, ಅಷ್ಟು ಬಿಲ್ಲುಗಳಿಗೆ ಪಾವತಿ ಆದದ್ದು ಒಂದೇ ಒಂದು. ಕೊನೆಯ ಚಿತ್ರದಲ್ಲಿ ನೀವು ಮಗುವನ್ನು ನೋಡಿದ್ರಿ. ಅದೇ ಚಿತ್ರದಲ್ಲಿ ಅಪ್ಪನ ಕೈ ನೋಡಿದ್ರಾ? ಮಗಳ ಜೀವ ಇನ್ನೂ ಆರುತ್ತಿರುವಾಗಲೇ ಅವಳ ಬೆರಳಿನಿಂದ ಉಂಗುರ ಕಳಚ್ತಿದ್ದಾನೆ. ಅದೇ ಉಂಗುರ.

ಹೊಸನೋಡುಗ:

ಉಂಗುರ ನಾನು ಗಮನಿಸಿಯೇ ಇರಲಿಲ್ಲ. ಈಗ ದೊಡ್ಡದು ಮಾಡಿ ನೋಡಿದೆ. ಆ ಅಪ್ಪನ ಮುಖದಲ್ಲಿ ದುಃಖ ಹುಡುಕಿದೆ, ಸಿಗಲಿಲ್ಲ. ಮಾಡಬೇಕಾದ ಒಂದು ಕೆಲಸ ಮುಗಿಸ್ತಿರೋ ಹಾಗಿದ್ದಾನೆ.

ಹಾಗಾದರೆ ಇನ್ನೊಂದು ಕೇಳ್ತೀನಿ. ಜಿನ್ ಅನ್ನೋ ಸಾರಾಯಿಯಿಂದ ಹಾಳಾದ ಬೀದಿ ತೋರಿಸೋ 'ಜಿನ್ ಲೇನ್' ನೋಡಿದಾಗ ನನಗೆ ಬೇರೆ ಥರ ಕಸಿವಿಸಿ ಆಯಿತು. ಅಲ್ಲಿ ಕುಡಿದು ಬಿದ್ದವರೆಲ್ಲ ಬಡವರು. ಶ್ರೀಮಂತರ ಮೇಲೆ ಅಷ್ಟು ಸಿಟ್ಟಿದ್ದವನು ಬಡವರ ಮೇಲೂ ಹೀಗೆ ಕೈ ಎತ್ತಿದನಾ?

ಮೊಳೆಗೋಡೆ:

ನನ್ನ ಉತ್ತರ ಹೌದು. ಇಲ್ಲಿ ಮೇಲಿನವರ ಜೊತೆ ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ.

'ಜಿನ್ ಲೇನ್', 'ಬಿಯರ್ ಸ್ಟ್ರೀಟ್' ಎರಡೂ 1751ರ ಫೆಬ್ರವರಿಯಲ್ಲಿ ಬಂದವು, ಒಂದಕ್ಕೆ ಒಂದು ಶಿಲ್ಲಿಂಗ್. ಕೆಳವರ್ಗದ ಜನರಲ್ಲಿ ಹೆಚ್ಚಿರುವ ಕೆಟ್ಟ ಚಟಗಳನ್ನು ತಿದ್ದೋದಕ್ಕೆ ಇವನ್ನು ಮಾಡಿದ್ದೇನೆ, ಅದಕ್ಕೇ ಆದಷ್ಟು ಅಗ್ಗವಾಗಿ ಅಚ್ಚು ಹಾಕಿಸಿದ್ದೇನೆ ಅಂತ ಅವನೇ ಜಾಹೀರಾತಿನಲ್ಲಿ ಹೇಳಿಕೊಂಡ. ಆದರೆ ಜಿನ್ ಕುಡಿಯುವ ಕೂಲಿಯವನಿಗೆ ಒಂದು ಶಿಲ್ಲಿಂಗ್ ಸಣ್ಣ ದುಡ್ಡಲ್ಲ. ಕೊಂಡವರು ಯಾರು? ಆಗಲೇ ಬಡವರನ್ನು ನೋಡಿ ಮೂಗು ಮುರಿಯುವ ಅನುಕೂಲಸ್ಥರು. ಅವನ ಗೆಳೆಯ ಹೆನ್ರಿ ಫೀಲ್ಡಿಂಗ್ ಲಂಡನ್ನಿನಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದ. ಕಳ್ಳತನ ಹೆಚ್ಚೋದಕ್ಕೆ ಬಡವರ ಜಿನ್ ಚಟವೂ ಒಂದು ಕಾರಣ ಅಂತ ಅವನು ಬರೆದದ್ದೂ ಅದೇ ಸಮಯದಲ್ಲಿ. ಆ ವರ್ಷವೇ ಜಿನ್ ಮಾರಾಟಕ್ಕೆ ಕಡಿವಾಣ ಹಾಕುವ ಕಾನೂನು ಬಂತು. ಅಂದರೆ ಈ ಚಿತ್ರ ಒಂದು ಪ್ರಚಾರದ ಭಾಗ.

1747ರ 'ಇಂಡಸ್ಟ್ರಿ ಅಂಡ್ ಐಡಲ್‌ನೆಸ್' ತೆಗೆದುಕೊಳ್ಳಿ, ಹನ್ನೆರಡು ಅಚ್ಚುಗಳು. ಒಂದೇ ಮಗ್ಗದ ಮನೆಯಲ್ಲಿ ಕೆಲಸ ಕಲಿಯುವ ಇಬ್ಬರು ಹುಡುಗರು. ಶ್ರದ್ಧೆಯಿಂದ ದುಡಿದವನು ಯಜಮಾನನ ಮಗಳನ್ನು ಮದುವೆಯಾಗಿ ಲಂಡನ್ನಿನ ಮೇಯರ್ ಆಗ್ತಾನೆ, ಸೋಮಾರಿ ಟೈಬರ್ನ್‌ನ ನೇಣುಗಂಬಕ್ಕೆ ಹೋಗ್ತಾನೆ. ಮೇಷ್ಟ್ರು ಬೆತ್ತ ಹಿಡಿದು ನಿಂತ ಹಾಗಿದೆ. ಅವನ ಕೈಚಳಕವನ್ನು ಮೆಚ್ಚುತ್ತೀನಿ, ಆದರೆ ಈ ಸರಣಿಯನ್ನು ನನ್ನಿಂದ ಪ್ರೀತಿಸೋಕೆ ಆಗಲ್ಲ.

ಸಣ್ಣಕ್ಷರ:

ಮಗ್ಗದ ಹುಡುಗರ ವಿಷಯದಲ್ಲಿ ನಿಮ್ಮ ಮಾತು ಒಪ್ಪಿದೆ. ಅಲ್ಲಿ ಅವನು ಹೇಳೋದು ಜಾಸ್ತಿ, ನೋಡೋದು ಕಡಿಮೆ. ಆದರೆ 'ಜಿನ್ ಲೇನ್' ಅನ್ನು ಅದರ ಜೊತೆ ಸೇರಿಸಬೇಡಿ ದಯವಿಟ್ಟು. ಜಾಹೀರಾತಿನಲ್ಲಿ ಏನು ಬರೆದ ಅನ್ನೋದಕ್ಕಿಂತ ತಗಡಿನ ಮೇಲೆ ಏನು ಕೆತ್ತಿದ ಅನ್ನೋದು ಮುಖ್ಯ ಅಲ್ವಾ?

ಎಲ್ಲರ ಕಣ್ಣೂ ಮೊದಲು ಹೋಗೋದು ನಡುವೆ ಕೂತ ತಾಯಿಯ ಕಡೆಗೆ. ಕಾಲ ತುಂಬಾ ಹುಣ್ಣು, ಬೆರಳಲ್ಲಿ ನಶ್ಯ, ಮಡಿಲಿನಿಂದ ಜಾರಿದ ಮಗು ತಲೆಕೆಳಗಾಗಿ ಬೀಳ್ತಿದೆ, ಅವಳಿಗೆ ಅದರ ಪರಿವೆಯೇ ಇಲ್ಲ. ಇದನ್ನು ನೋಡಿ ಬೈದು ಮುಂದೆ ಹೋಗಿಬಿಡೋದು ಸುಲಭ. ಆದರೆ ಅವಳ ಸುತ್ತ ನೋಡಿ. ಆ ಬೀದಿಯಲ್ಲಿ ಚೆನ್ನಾಗಿ ನಡೀತಿರೋದು ಗಿರವಿ ಅಂಗಡಿ, ಸಾರಾಯಿ ಅಂಗಡಿ, ಹೆಣದ ಪೆಟ್ಟಿಗೆಯ ಅಂಗಡಿ. ಮಿಕ್ಕ ಗೋಡೆಗಳು ಕುಸಿದು ಬೀಳ್ತಿವೆ. ಸೇಂಟ್ ಜೈಲ್ಸ್ ಪ್ಯಾರಿಷ್‌ನ, ಅಂದರೆ ಬಡವರನ್ನು ನೋಡಿಕೊಳ್ಳಬೇಕಾದ ಆ ಚರ್ಚಿನ ವಲಯದ, ಗುರುತು ತೋಳಿಗೆ ಕಟ್ಟಿಕೊಂಡ ಇಬ್ಬರು ಹುಡುಗಿಯರು ಜಿನ್ ಕುಡೀತಿದ್ದಾರೆ. ಅಂದರೆ ಅವರನ್ನು ನೋಡಿಕೊಳ್ಳಬೇಕಾದವರು ಒಬ್ಬರು ಇದ್ದರು, ನೋಡಿಕೊಳ್ಳಲಿಲ್ಲ. ಹಿಂದೆ ದೂರದಲ್ಲಿ ಬ್ಲೂಮ್ಸ್‌ಬರಿಯ ಸೇಂಟ್ ಜಾರ್ಜ್ ಚರ್ಚಿನ ಗೋಪುರ, ಅದರ ತುದಿಯಲ್ಲಿ ದೊರೆ ಒಂದನೇ ಜಾರ್ಜ್‌ನ ಪ್ರತಿಮೆ. ದೊರೆ ಅಷ್ಟು ಎತ್ತರದಲ್ಲಿ, ಜನ ಇಷ್ಟು ಕೆಳಗೆ. ಇದನ್ನು ಬರೆದವನು ಬಡವರನ್ನು ಮಾತ್ರ ಬೈದ ಅಂತ ನನಗೆ ಅನ್ನಿಸಲ್ಲ.

ಅವನ ಬದುಕನ್ನೂ ನೋಡಬೇಕು. ಅಪ್ಪ ಶಾಲೆಯ ಮೇಷ್ಟ್ರು, ಲ್ಯಾಟಿನ್‌ನಲ್ಲೇ ಮಾತಾಡುವ ಕಾಫಿ ಅಂಗಡಿ ತೆರೆದು ಸೋತು, ಸಾಲಕ್ಕಾಗಿ ಫ್ಲೀಟ್ ಜೈಲು ಸೇರಿದ. ಹುಡುಗನಿಗೆ ಆಗ ಹತ್ತು ವರ್ಷದ ಆಸುಪಾಸು. ಮುಂದೆ ದುಂದುಗಾರ ಯುವಕನೊಬ್ಬ ಹಾಳಾಗೋ ಕಥೆಯ 'ಎ ರೇಕ್ಸ್ ಪ್ರೋಗ್ರೆಸ್' ಸರಣಿಯ ಏಳನೇ ಚಿತ್ರದಲ್ಲಿ ಅವನು ಬರೆದದ್ದು ಅದೇ ಜೈಲನ್ನು. ಅಲ್ಲಿ ಒಬ್ಬ ಕೈದಿಯ ಹತ್ತಿರ ಒಂದು ಕಾಗದ ಇದೆ, ದೇಶದ ಸಾಲವನ್ನೆಲ್ಲ ತೀರಿಸುವ ಹೊಸ ಯೋಜನೆ. ತನ್ನ ಸಾಲ ತೀರಿಸಲಾಗದೆ ಒಳಗೆ ಕೊಳೆಯುತ್ತಿರುವವನು ದೇಶದ ಸಾಲಕ್ಕೆ ಲೆಕ್ಕ ಹಾಕ್ತಿದ್ದಾನೆ. ಇದರಲ್ಲಿ ವ್ಯಂಗ್ಯ ಇದೆ, ಆದರೆ ನನಗೆ ಅಲ್ಲಿ ಅಪ್ಪನನ್ನು ಹತ್ತಿರದಿಂದ ಕಂಡ ಮಗನೂ ಕಾಣಿಸ್ತಾನೆ. ಎಂಟನೇ ಚಿತ್ರದಲ್ಲಿ ನಾಯಕ ಹುಚ್ಚನಾಗಿ ಬೆಡ್ಲಮ್ ಅನ್ನೋ ಲಂಡನ್ನಿನ ಹುಚ್ಚಾಸ್ಪತ್ರೆ ಸೇರಿದ್ದಾನೆ. ಅಲ್ಲಿ ಒಳ್ಳೆ ಬಟ್ಟೆ ತೊಟ್ಟ ಇಬ್ಬರು ಹೆಂಗಸರು ಹುಚ್ಚರನ್ನು ನೋಡೋದಕ್ಕೆ ಅಂತಲೇ ಬಂದಿದ್ದಾರೆ, ಒಬ್ಬಳ ಕೈಯಲ್ಲಿ ಬೀಸಣಿಗೆ. ಇವನು ಕೈಬಿಟ್ಟಿದ್ದ ಸಾರಾ ಯಂಗ್ ಮಾತ್ರ ಪಕ್ಕದಲ್ಲಿ ಕೂತು ಅಳ್ತಿದ್ದಾಳೆ. ಹೋಗಾರ್ತ್‌ನ ಪೆಟ್ಟು ಬಿದ್ದಿರೋದು ಬೀಸಣಿಗೆಯವರ ಮೇಲೆ.

ತಾಮ್ರದತಗಡು:

ಮೊಳೆಗೋಡೆಯವರ ಪರವಾಗಿ ಒಂದು ಮಾತು. 'ಜಿನ್ ಲೇನ್' ಬಂದ ತಿಂಗಳಲ್ಲೇ ಪ್ರಾಣಿಹಿಂಸೆಯಿಂದ ಕೊಲೆಯ ತನಕ ಹೋಗುವ ಒಬ್ಬ ಹುಡುಗನ ಕಥೆಯನ್ನು ನಾಲ್ಕು ಅಚ್ಚುಗಳಲ್ಲಿ ತಂದ. ಬಡವರಿಗೂ ಎಟುಕಲಿ ಅಂತ ಅದರ ಎರಡನ್ನು ಮರದ ಅಚ್ಚಿನಲ್ಲಿ ಕೆತ್ತಿಸಿ ನೋಡಿದ. ಖರ್ಚು ಹೊಂದಲಿಲ್ಲ, ಅಲ್ಲಿಗೇ ನಿಂತಿತು. ಅಂದರೆ ಶಿಲ್ಲಿಂಗ್ ಜಾಸ್ತಿ ಅನ್ನೋದು ಅವನಿಗೂ ಗೊತ್ತಿತ್ತು, ಪ್ರಯತ್ನವನ್ನೂ ಮಾಡಿದ.

ಇನ್ನು 'ರೇಕ್ಸ್ ಪ್ರೋಗ್ರೆಸ್' ಮಾತು ಬಂತಲ್ಲ, ಅದರ ಹಿಂದಿನ ಕಥೆ ನಮ್ಮಂಥ ಕೈಕೆಲಸದವರಿಗೆ ಬಹಳ ಮುಖ್ಯ. 1732ರಲ್ಲಿ 'ಎ ಹಾರ್ಲಟ್ಸ್ ಪ್ರೋಗ್ರೆಸ್' ಅನ್ನೋ, ಹಳ್ಳಿ ಹುಡುಗಿಯೊಬ್ಬಳು ವೇಶ್ಯಾವೃತ್ತಿಗೆ ಬಿದ್ದು ಸಾಯುವ ಕಥೆಯ ಆರು ಅಚ್ಚುಗಳನ್ನು ಒಂದು ಗಿನಿ ಅನ್ನೋ ಚಿನ್ನದ ನಾಣ್ಯಕ್ಕೆ ಮಾರಿದ. ಸಾವಿರಕ್ಕೂ ಜಾಸ್ತಿ ಜನ ಮುಂಗಡ ಕೊಟ್ಟು ಕೊಂಡರು. ಕೂಡಲೇ ಅಂಗಡಿಯವರು ನಕಲು ಕೆತ್ತಿಸಿ ಅಗ್ಗಕ್ಕೆ ಮಾರತೊಡಗಿದರು. ಕೆತ್ತಿದವನಿಗೆ ಕಾಸೂ ಇಲ್ಲ. ಹೋಗಾರ್ತ್ ಬೇರೆ ಕೆತ್ತನೆಗಾರರನ್ನು ಕಟ್ಟಿಕೊಂಡು ಪಾರ್ಲಿಮೆಂಟಿಗೆ ಅರ್ಜಿ ಹಾಕಿದ. 1735ರ ಜೂನ್ 25ರಿಂದ ಕಾನೂನು ಜಾರಿಗೆ ಬಂತು, ಕೆತ್ತಿದವನಿಗೆ ಹದಿನಾಲ್ಕು ವರ್ಷದ ಹಕ್ಕು. ಅಲ್ಲಿಯವರೆಗೆ 'ರೇಕ್' ಅಚ್ಚುಗಳನ್ನು ಹೊರಗೆ ಬಿಡದೆ ತಡೆದಿಟ್ಟು ಅದೇ ದಿನ ಬಿಡುಗಡೆ ಮಾಡಿದ. ಆ ಕಾನೂನನ್ನು ಜನ ಹೋಗಾರ್ತ್ ಕಾಯ್ದೆ ಅಂತಲೇ ಕರೆಯುತ್ತಿದ್ದರು.

'ಹಾರ್ಲಟ್' ಸರಣಿಯ ಬಣ್ಣದ ಮೂಲ ಚಿತ್ರಗಳು 1755ರಲ್ಲಿ ಬೆಂಕಿಯಲ್ಲಿ ಸುಟ್ಟುಹೋದವು. ಹಳ್ಳಿಯಿಂದ ಗಾಡಿಯಲ್ಲಿ ಬಂದಿಳಿದ ಆ ಹುಡುಗಿ ಮಾಲ್, ಬಂದ ದಿನವೇ ಅವಳನ್ನು ಬಲೆಗೆ ಹಾಕಿಕೊಳ್ಳುವ ಹೆಂಗಸು, ಪಕ್ಕದಲ್ಲೇ ಕುದುರೆ ಮೇಲೆ ಕೂತು ಕಾಗದ ಓದ್ತಾ ಏನನ್ನೂ ನೋಡದ ಪಾದ್ರಿ, ಕೊನೆಗೆ ಹೆಣದ ಪೆಟ್ಟಿಗೆಯ ಮೇಲೆ ಕೆತ್ತಿದ ವಯಸ್ಸು 23. ಇದೆಲ್ಲ ಇವತ್ತು ನಮಗೆ ಸಿಕ್ಕಿರೋದು ಆ ತಾಮ್ರದ ತಗಡುಗಳಿಂದ.

ಮೊಳೆಗೋಡೆ:

ಮರದ ಅಚ್ಚಿನ ವಿಷಯ ನನಗೆ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ಪಾದ್ರಿಯ ಮಾತನ್ನೂ ಒಪ್ಪಿದೆ, ಅಲ್ಲಿ ಅವನು ಬೆರಳು ತೋರಿಸ್ತಿರೋದು ಮೇಲಿನವರ ಕಡೆಗೇ. ಆದರೂ 'ಬಿಯರ್ ಸ್ಟ್ರೀಟ್'ನ ಕೊಬ್ಬಿದ ನಗುಮುಖಗಳನ್ನು ನೋಡಿದಾಗ ನನ್ನ ಅನುಮಾನ ಪೂರ್ತಿ ಹೋಗಲ್ಲ. ಬಿಯರ್ ಕುಡಿದರೆ ದೇಶ ಉದ್ಧಾರ, ಜಿನ್ ಕುಡಿದರೆ ನಾಶ ಅಂದರೆ ಹಸಿವಿನ ಮಾತು ಎಲ್ಲಿ ಹೋಯಿತು?

ಹೊಸನೋಡುಗ:

ನಿಮ್ಮೆಲ್ಲರ ಮಾತು ಓದಿ ನಿನ್ನೆ ರಾತ್ರಿ 'ಜಿನ್ ಲೇನ್' ಅನ್ನು ಮತ್ತೆ ತೆಗೆದು ಆ ತಾಯಿಯನ್ನು ಬೇಕಂತಲೇ ಬಿಟ್ಟು ಎಡಗಡೆಯಿಂದ ಶುರು ಮಾಡಿದೆ. ಗಿರವಿ ಅಂಗಡಿಯ ಬಾಗಿಲಲ್ಲಿ ಇಬ್ಬರು ನಿಂತಿದ್ದಾರೆ. ಒಬ್ಬ ಬಡಗಿ, ತನ್ನ ಗರಗಸವನ್ನೇ ಅಡ ಇಡ್ತಿದ್ದಾನೆ. ಹಿಂದೆ ಒಬ್ಬ ಹೆಂಗಸು, ಕೈಯಲ್ಲಿ ಅಡುಗೆಯ ಪಾತ್ರೆಗಳು. ಅಂಗಡಿಯವನು ಗರಗಸವನ್ನು ಕಣ್ಣಿಗೆ ಹತ್ತಿರ ಹಿಡಿದು ಪರೀಕ್ಷೆ ಮಾಡ್ತಿದ್ದಾನೆ. ಮೊಳೆಗೋಡೆಯವರೇ, ನೀವು ಕೇಳಿದ ಹಸಿವು ಇಲ್ಲೇ ಇದೆ ಅನ್ನಿಸಿತು ನನಗೆ. ಗರಗಸ ಹೋದ ಮೇಲೆ ನಾಳೆ ಕೆಲಸ ಇಲ್ಲ, ಪಾತ್ರೆ ಹೋದ ಮೇಲೆ ಅಡುಗೆ ಇಲ್ಲ. ಇನ್ನೂ ಬಲಗಡೆ ಅರ್ಧ ಉಳಿದಿದೆ, ಇವತ್ತು ಕೂತು ನೋಡ್ತೀನಿ.