ಹಳೇ ಜೆಟ್ ಸ್ಕೀ ಒಳಗೆ ನೀರು ತುಂಬುತ್ತಿದೆ, ಎಲ್ಲಿಂದ ಅಂತ ಹುಡುಕುವುದು ಹೇಗೆ?

ಮಲ್ಪೆ ರೈಡರ್:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡ ಸೀ-ಡೂ ಕಂಪನಿಯ ಜೆಟ್ ಸ್ಕೀ ಇದೆ. ತೊಂಬತ್ತರ ದಶಕದ ಕೊನೆಯ ಗಾಡಿ, ಟೂ-ಸ್ಟ್ರೋಕ್ ಇಂಜಿನ್. ಮಳೆಗಾಲ ಮುಗಿದ ಮೇಲೆ ನೀರಿಗೆ ಇಳಿಸಿದೆ. ಇಂಜಿನ್ ಚೆನ್ನಾಗಿಯೇ ಓಡುತ್ತದೆ. ಆದರೆ ಒಂದು ರೌಂಡ್ ಹೊಡೆದು ಸ್ವಲ್ಪ ಹೊತ್ತು ನಿಲ್ಲಿಸಿ ಸೀಟ್ ತೆಗೆದರೆ ಒಳಗೆ ಬಕೆಟ್‌ಗಟ್ಟಲೆ ನೀರು. ಹಿಂದಿನ ಡ್ರೈನ್ ಪ್ಲಗ್ ಎರಡನ್ನೂ ಬದಲಾಯಿಸಿದೆ, ಪ್ರಯೋಜನ ಆಗಲಿಲ್ಲ. ತಳ ಎಲ್ಲೂ ಒಡೆದ ಹಾಗೆ ಕಾಣುವುದಿಲ್ಲ. ಇಲ್ಲಿಯ ಮೆಕ್ಯಾನಿಕ್ ಒಬ್ಬರು, ಇಂಜಿನ್‌ನಿಂದ ಹಿಂದಿನ ಜೆಟ್ ಪಂಪಿಗೆ ಹೋಗುವ ಶಾಫ್ಟ್ ಸುತ್ತ ಸಿಲಿಕೋನ್ ಹಾಕಿಬಿಡೋಣ ಅನ್ನುತ್ತಿದ್ದಾರೆ. ಹಾಕಿಸಬಹುದಾ?

ಗ್ಯಾರೇಜ್ ಕಾರವಾರ:
ಸಿಲಿಕೋನ್ ಬೇಡವೇ ಬೇಡ ಮಾರಾಯ್ರೆ. ಆ ಶಾಫ್ಟ್ ಫುಲ್ ಥ್ರಾಟಲ್‌ನಲ್ಲಿ ನಿಮಿಷಕ್ಕೆ 6,000ಕ್ಕಿಂತ ಜಾಸ್ತಿ ಸುತ್ತು ತಿರುಗುತ್ತದೆ. ಅಲ್ಲಿ ಏನು ಮೆತ್ತಿದರೂ ಉಳಿಯುವುದಿಲ್ಲ, ಒಳಗಿನ ಸೀಲ್ ಕೂಡ ಹಾಳಾಗುತ್ತದೆ.

ಮೊದಲು ಒಂದೇ ವಿಷಯ ತಿಳಿದುಕೊಳ್ಳಿ. ನೀರು ಯಾವಾಗ ಬರುತ್ತದೆ? ಸುಮ್ನೆ ತೇಲುತ್ತಿರುವಾಗಲೋ, ಓಡುವಾಗಲೋ, ಓಡಿಸಿ ನಿಲ್ಲಿಸಿದ ಮೇಲೋ? ಇದು ಗೊತ್ತಾಗದೆ ಯಾವ ಬಿಡಿಭಾಗಕ್ಕೂ ದುಡ್ಡು ಹಾಕಬೇಡಿ.

ಒಳಗಿನ ನೀರೆಲ್ಲ ತೆಗೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸಿ. ಶಾಫ್ಟ್ ಹೊರಗೆ ಹೋಗುವ ಜಾಗ, ಡ್ರೈನ್ ಪ್ಲಗ್, ಸ್ಟಿಯರಿಂಗ್ ಕೇಬಲ್ ಹೊರಗೆ ಹೋಗುವ ತೂತು, ಇವುಗಳ ಸುತ್ತ ಮುಖಕ್ಕೆ ಹಚ್ಚುವ ಪೌಡರ್ ಉದುರಿಸಿ. ಇಂಜಿನ್ ಆಫ್ ಇಟ್ಟು ಶಾಂತ ನೀರಿನಲ್ಲಿ ಅರ್ಧ ಗಂಟೆ ತೇಲಲು ಬಿಡಿ. ಅಲೆ ಇರುವ ಕಡೆ ಬೇಡ, ಹೊಳೆ ಬಾಯಿಯ ಒಳಗಡೆ ಸಾಕು. ಆಮೇಲೆ ಟಾರ್ಚ್ ಹಾಕಿ ನೋಡಿ. ನೀರು ಹರಿದ ಜಾಗದಲ್ಲಿ ಪೌಡರ್ ಮೇಲೆ ಗೆರೆ ಬಿದ್ದಿರುತ್ತದೆ.

ತೇಲುವಾಗಲೇ ಬಂದರೆ ತೂತು ನೀರಿನ ಮಟ್ಟಕ್ಕಿಂತ ಕೆಳಗಿದೆ: ಶಾಫ್ಟ್ ಸೀಲ್, ಪ್ಲಗ್, ಪಂಪ್ ಕೂರಿಸಿರುವ ಬೋಲ್ಟ್‌ಗಳು, ಇಲ್ಲವೇ ಸಣ್ಣ ಬಿರುಕು. ಓಡುವಾಗ ಮಾತ್ರ ಬಂದರೆ ಹೆಚ್ಚಾಗಿ ಕೂಲಿಂಗ್ ಪೈಪ್ ಅಥವಾ ಎಕ್ಸಾಸ್ಟಿನ ರಬ್ಬರ್. ಇಂಜಿನ್ ತಣ್ಣಗಿಡುವ ನೀರನ್ನು ಒಳಗೆ ತಳ್ಳುವುದು ಜೆಟ್ ಪಂಪೇ. ಅದು ತಿರುಗದಿದ್ದರೆ ಪೈಪ್ ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ದಡದಲ್ಲಿ ನಲ್ಲಿ ನೀರು ಬಿಟ್ಟು ಫ್ಲಶ್ ಮಾಡುವಾಗ, ಅಂದರೆ ಕೂಲಿಂಗ್ ದಾರಿ ತೊಳೆಯುವಾಗ, ಇದನ್ನು ನೋಡಬಹುದು. ಮೊದಲು ಇಂಜಿನ್ ಸ್ಟಾರ್ಟ್, ಆಮೇಲೆ ನಲ್ಲಿ. ನಿಲ್ಲಿಸುವಾಗ ಮೊದಲು ನಲ್ಲಿ ಬಂದ್, ಆಮೇಲೆ ಇಂಜಿನ್. ಉಲ್ಟಾ ಮಾಡಿದರೆ ಎಕ್ಸಾಸ್ಟ್ ದಾರಿಯಲ್ಲಿ ನೀರು ಸಿಲಿಂಡರಿಗೆ ಹೋಗುತ್ತದೆ. ಒಂದೆರಡು ನಿಮಿಷಕ್ಕಿಂತ ಜಾಸ್ತಿ ಓಡಿಸಬೇಡಿ, ಆ ಶಾಫ್ಟ್ ಸೀಲಿಗೆ ಗಾಡಿ ತೇಲುವ ನೀರೇ ಲೂಬ್ರಿಕೇಶನ್.

ಕಾರಣ ಸಿಗುವ ತನಕ ದಯವಿಟ್ಟು ಯಾರನ್ನೂ ಕೂರಿಸಿಕೊಂಡು ಸಮುದ್ರಕ್ಕೆ ಹೋಗಬೇಡಿ. ಇಂಜಿನ್‌ಗೂ ಶಾಫ್ಟಿಗೂ ಕೊಂಡಿಯಾಗಿ ತಿರುಗುವ ಕಪ್ಲಿಂಗ್ ತಳದ ನೀರನ್ನು ಎರಚಿ ಕಾರ್ಬುರೇಟರ್‌ಗೆ ಹೊಡೆಯುತ್ತದೆ. ಇಂಜಿನ್ ನಡುನೀರಿನಲ್ಲೇ ನಿಂತುಹೋಗುತ್ತದೆ.

ಮಲ್ಪೆ ರೈಡರ್:
ನೀವು ಹೇಳಿದ ಹಾಗೆ ನೋಡಿದೆ ಅಣ್ಣ. ಪ್ಲಗ್ ಹತ್ತಿರ ಪೌಡರ್ ಒಣಗಿಯೇ ಇದೆ. ಶಾಫ್ಟ್ ಕೆಳಗೆ ಗೆರೆ ಬಿದ್ದಿದೆ. ಕಪ್ಪು ಉಂಗುರ, ಸ್ಟೀಲ್ ಉಂಗುರ ಸೇರುವಲ್ಲಿ ಹನಿ ಹನಿಯಾಗಿ ಬರುತ್ತಿದೆ. ಫ್ಲಶ್ ಮಾಡುವಾಗ ಪೈಪ್ ಎಲ್ಲೂ ಸೋರಲಿಲ್ಲ.

ಗ್ಯಾರೇಜ್ ಕಾರವಾರ:
ಅದೇ ಕಾರ್ಬನ್ ಸೀಲ್. ಸ್ಟೀಲ್ ಉಂಗುರ ಶಾಫ್ಟ್ ಜೊತೆ ತಿರುಗುತ್ತದೆ, ಕಪ್ಪು ಕಾರ್ಬನ್ ತಿರುಗುವುದಿಲ್ಲ. ಹಿಂದಿರುವ ರಬ್ಬರ್ ಬೂಟ್ (ಮಡಿಕೆಯ ರಬ್ಬರ್ ಕೊಳವೆ) ಸ್ಪ್ರಿಂಗ್ ಥರ ಕಾರ್ಬನ್ನನ್ನು ಸ್ಟೀಲಿಗೆ ಒತ್ತಿ ಹಿಡಿಯುತ್ತದೆ. ನೀರು ತಡೆಯುವುದು ಈ ಒತ್ತಡವೇ. ರಬ್ಬರಿಗೆ ವಯಸ್ಸಾದರೆ ಒತ್ತಡ ಹೋಗುತ್ತದೆ.

ಗಾಡಿ ನೀರಿನಲ್ಲಿ ಇರುವಾಗಲೇ, ಇಂಜಿನ್ ಆಫ್ ಇಟ್ಟು, ಬೂಟನ್ನು ಬೆರಳಿನಿಂದ ಹಿಂದಕ್ಕೆ ಒತ್ತಿ. ನೀರು ಜೋರಾಗಿ ನುಗ್ಗುತ್ತದೆ, ಹೆದರಬೇಡಿ. ಬಿಟ್ಟ ತಕ್ಷಣ ಪಟ್ ಅಂತ ನಿಲ್ಲಬೇಕು. ಕೆಲವೊಮ್ಮೆ ನಡುವೆ ಸಿಕ್ಕಿಕೊಂಡ ಮರಳಿನ ಕಣ ಇಷ್ಟರಲ್ಲೇ ತೊಳೆದುಹೋಗಿ ಸೋರುವುದು ನಿಂತುಬಿಡುತ್ತದೆ. ಬಿಟ್ಟ ಮೇಲೂ ಹನಿ ಬರುತ್ತಿದ್ದರೆ ಬಿಚ್ಚಲೇಬೇಕು.

ಬಿಚ್ಚಿದಾಗ ಕಾರ್ಬನ್ನಿನ ಮುಖಕ್ಕೆ ಉಗುರು ತಾಗಿಸಿ ಸವರಿ. ಗೆರೆ ಉಗುರಿಗೆ ಸಿಕ್ಕರೆ ಬದಲಾಯಿಸಿ. ಸ್ಟೀಲ್ ಉಂಗುರದ ಒಳಗೆ ಓ-ರಿಂಗ್‌ಗಳಿವೆ. ಶಾಫ್ಟ್ ಮೇಲೆ ನೀರು ಒಳಗೆ ನುಸುಳದ ಹಾಗೆ ತಡೆಯುವುದು ಅವೇ. ಅವನ್ನೂ ಬೂಟನ್ನೂ ಕಾರ್ಬನ್ ಜೊತೆಗೇ ಹೊಸದು ಹಾಕಿ. ಸ್ಟೀಲ್ ಉಂಗುರವನ್ನು ಹಿಂದಕ್ಕೆ ಒತ್ತಿದರೆ ಅದನ್ನು ಜಾಗದಲ್ಲಿ ಹಿಡಿದಿಡುವ, ಮುಂದಿನ ಸಿ-ಕ್ಲಿಪ್ ಕಾಣುತ್ತದೆ. ಅದನ್ನು ತೆಗೆದು, ಜೆಟ್ ಪಂಪ್ ಬಿಚ್ಚಿ, ಶಾಫ್ಟನ್ನು ಹಿಂದಕ್ಕೆ ಎಳೆಯಬೇಕು. ತಿರುಗಿ ಹಾಕುವಾಗ ಸ್ಪ್ಲೈನ್‌ಗೆ (ಶಾಫ್ಟ್ ತುದಿಯ ಹಲ್ಲುಗಳಿಗೆ) ಮರೈನ್ ಗ್ರೀಸ್ ಹಚ್ಚಿ. ಹಳೇ ಸಿ-ಕ್ಲಿಪ್ ಬೇಡ. ಅದು ತುಂಡಾದರೆ ಸ್ಟೀಲ್ ಉಂಗುರ ಮುಂದಕ್ಕೆ ಜಾರಿ ಗಾಡಿಯೇ ಮುಳುಗುವ ಅಪಾಯ ಇದೆ. ಇಂಜಿನ್ ಕೂರಿಸಿರುವ ಮೌಂಟ್ ರಬ್ಬರ್ ಕೂಡ ಅಲ್ಲಾಡಿಸಿ ನೋಡಿ. ಅವು ಕುಸಿದಿದ್ದರೆ ಶಾಫ್ಟ್ ಸೊಟ್ಟಗಾಗಿ ಹೊಸ ಕಾರ್ಬನ್ನೂ ಒಂದೇ ಕಡೆ ಸವೆಯುತ್ತದೆ.

ಹಳೇ ಯಮಹಾ:
ಇದನ್ನು ಓದುತ್ತಿರುವ ಯಮಹಾದವರಿಗೆ ಒಂದು ಮಾತು. ನಮ್ಮ ಹಳೇ ವೇವ್‌ರನ್ನರ್‌ಗಳಲ್ಲಿ ಈ ಕಾರ್ಬನ್ ಉಂಗುರ ಹುಡುಕಬೇಡಿ. ಅಲ್ಲಿ ಶಾಫ್ಟಿಗೆ ಬೇರಿಂಗ್ ಹೌಸಿಂಗ್, ಅದರೊಳಗೆ ರಬ್ಬರ್ ಸೀಲ್. ಗ್ರೀಸ್ ನಿಪ್ಪಲ್ ಇರುತ್ತದೆ, ಗ್ರೀಸ್ ಹಾಕುತ್ತಲೇ ಇರಬೇಕು.

ಮಲ್ಪೆ ರೈಡರ್:
ಬೂಟ್, ಕಾರ್ಬನ್, ಓ-ರಿಂಗ್, ಕ್ಲಿಪ್ ಎಲ್ಲ ಹೊಸದು ಹಾಕಿಸಿದೆ. ಮೌಂಟ್ ಗಟ್ಟಿಯಾಗಿವೆ. ಈಗ ತೇಲುವಾಗ ಪೌಡರ್ ಒಣಗಿಯೇ ಇರುತ್ತದೆ. ಓಡಿಸಿ ತಕ್ಷಣ ತೆಗೆದು ನೋಡಿದರೂ ಒಣ. ಆದರೆ ಓಡಿಸಿ ಬಂದು ಸ್ವಲ್ಪ ಹೊತ್ತು ನೀರಿನಲ್ಲೇ ಕಟ್ಟಿಹಾಕಿದರೆ ಮತ್ತೆ ನೀರು ಸೇರುತ್ತದೆ! ಇದೇನಿದು?

ಗ್ಯಾರೇಜ್ ಕಾರವಾರ:
ಬೈಲರ್ ಪೈಪ್ ನೋಡಿ. ಓಡುವಾಗ ಜೆಟ್ ನಳಿಕೆಯ ಸೆಳೆತಕ್ಕೆ ಒಳಗಿನ ನೀರು ಆ ಸಣ್ಣ ಪೈಪಿನಲ್ಲಿ ಹೊರಗೆ ಹೋಗುತ್ತದೆ. ಪೈಪ್ ಮೇಲಕ್ಕೆ ಬಾಗಿ ಇಳಿಯುವಲ್ಲಿ, ಎಲ್ಲಕ್ಕಿಂತ ಎತ್ತರದ ಜಾಗದಲ್ಲಿ, ಸೂಜಿ ತೂರುವಷ್ಟು ಒಂದು ತೂತು ಇದೆ. ನಿಂತಾಗ ಅಲ್ಲಿಂದ ಗಾಳಿ ನುಗ್ಗಿ ನೀರಿನ ಎಳೆ ಕಡಿಯುತ್ತದೆ. ತೂತು ಉಪ್ಪು ಕಟ್ಟಿದರೆ, ಹೊರಗೆ ಹೋದ ದಾರಿಯಲ್ಲೇ ಸಮುದ್ರದ ನೀರು ಒಳಗೆ ಬರುತ್ತದೆ. ಮೊದಲ ಪರೀಕ್ಷೆಯಲ್ಲಿ ಇದು ಸಿಗಲಿಲ್ಲ, ಯಾಕೆಂದರೆ ಒಣಗಿಸಿ ಇಳಿಸಿದ್ದರಿಂದ ಪೈಪಿನಲ್ಲಿ ನೀರೇ ಇರಲಿಲ್ಲ. ಸಿಹಿನೀರಿನಲ್ಲಿ ನೆನೆಸಿ, ತೆಳು ತಂತಿಯಿಂದ ಬಿಡಿಸಿ. ತೂತು ದೊಡ್ಡದು ಮಾಡಬೇಡಿ, ಓಡುವಾಗ ಸೆಳೆತ ಕಡಿಮೆಯಾಗುತ್ತದೆ.

ಮಲ್ಪೆ ರೈಡರ್:
ಸಿಕ್ಕಿತು! ಎರಡು ಪೈಪ್‌ಗಳಲ್ಲಿ ಒಂದರ ತೂತು ಬಿಳಿ ಉಪ್ಪಿನಿಂದ ಪೂರ್ತಿ ಮುಚ್ಚಿತ್ತು. ಬಿಡಿಸಿದ ಮೇಲೆ ಓಡಿಸಿ ಒಂದು ಗಂಟೆ ಕಟ್ಟಿಹಾಕಿದೆ, ತಳದಲ್ಲಿ ನೀರಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣ.

ಗ್ಯಾರೇಜ್ ಕಾರವಾರ:
ಸಂತೋಷ. ಪ್ರತಿ ಸಲ ಫ್ಲಶ್ ಆದ ಮೇಲೆ ಆ ತೂತಿಗೂ ಸ್ವಲ್ಪ ಸಿಹಿನೀರು ಬಿಡಿ. ಸ್ಟಾರ್ಟ್ ಮಾಡುವ ಮೊದಲು ಸೀಟ್ ತೆಗೆದು ಒಳಗಿನ ಪೆಟ್ರೋಲ್ ಆವಿ ಹೋಗಲು ಬಿಡಿ. ಹಾಗೇ ಆ ಹೊಸ ಸೀಲನ್ನೂ ಒಂದು ಸಲ ನೋಡಿಕೊಂಡುಬಿಡಿ.